ಹನ್ನೊಂದು ರೂಪಾಯಿ ಪಿಂಚಣಿಯ ರೆಡ್ಡಿ

ಉಯ್ಯಾಲವಾಡ ನರಸಿಂಹರೆಡ್ಡಿಯ ಕತೆ ನನಗೆ ಸಿಕ್ಕಿದ್ದು ತೆಲುಗು ಲಾವಣಿಗಳಲ್ಲಿ. ಉರುಕುಂದದ ಸುತ್ತಮುತ್ತ ಎರಡೂ ಭಾಷೆ ಆಡುವ ನಮಗೆ ಅದನ್ನು ಕನ್ನಡದಲ್ಲೂ ಹೇಳಿಕೊಳ್ಳುವ ಹಕ್ಕಿದೆ. ಯಾಕಂದ್ರೆ ಅದು ನಮ್ಮ ಹೊಲಮನೆಗೂ ಸಂಬಂಧಪಟ್ಟ ಕತೆ.

1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಸೀಮೆಗಳನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ. ಇವೇ ದತ್ತಮಂಡಲಗಳು. ನಮ್ಮ ಆದವಾನಿಯೂ ಅದರಲ್ಲಿ ಹೋಯಿತು, ರೆಡ್ಡಿಯ ಕೋಯಿಲಕುಂಟ್ಲ ಸೀಮೆಯೂ ಹೋಯಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೆಗಾರರ ಬಲ ಮುರಿದ. ಹಲವರಿಗೆ ಪಿಂಚಣಿ ಕಟ್ಟಿ ಕೂರಿಸಿದ. ಕಂದಾಯವನ್ನು ರೈತರಿಂದ ನೇರವಾಗಿ ವಸೂಲು ಮಾಡತೊಡಗಿದರು.

ರೆಡ್ಡಿಯ ಪಾಲಿಗೆ ಬಂದದ್ದು ತಿಂಗಳಿಗೆ ಹನ್ನೊಂದು ರೂಪಾಯಿ ಚಿಲ್ಲರೆ. ಬಂಧುಗಳಾದ ನೊಸ್ಸಂ ಮನೆತನದ ಪಿಂಚಣಿ ವಾರಸುದಾರರಿಲ್ಲದೆ ನಿಂತುಹೋದಾಗ ಅದರಲ್ಲಿ ಪಾಲು ಕೇಳಿದ. ಕಂಪನಿ ಕೊಡಲಿಲ್ಲ.

ಇಷ್ಟೇ ಆಗಿದ್ದರೆ ಅದು ಒಂದು ಮನೆಯ ಜಗಳ. ಆದರೆ ಊರು ಕಾಯುತ್ತಿದ್ದ ಕಟ್ಟುಬಡಿಗಳ ಮಾನ್ಯದ ಹೊಲಗಳನ್ನೂ ಕಂಪನಿ ಮುಟ್ಟಿತು. ಅಪ್ಪ ಸತ್ತರೆ ಹೊಲ ಮಗನಿಗೆ ಬರದೆ ಸರಕಾರಕ್ಕೆ ಸೇರತೊಡಗಿತು. ಹೊಲ ಹೋದ ಮೇಲೆ ರೈತನಿಗೆ ಉಳಿಯುವುದಾದರೂ ಏನು? ಅವರೆಲ್ಲ ರೆಡ್ಡಿಯ ಹಿಂದೆ ನಿಂತರು.

1846ರ ಜುಲೈನಲ್ಲಿ ಆತನ ದಂಡು ಕೋಯಿಲಕುಂಟ್ಲದ ಖಜಾನೆಯ ಮೇಲೆ ಬಿತ್ತು. ಕಂಪನಿಯ ಫೌಜು ಬೆನ್ನು ಹತ್ತಿತು. ಗುಡ್ಡ ಕಾಡುಗಳಲ್ಲಿ ತಿಂಗಳುಗಟ್ಟಲೆ ಹೋರಾಟ ನಡೆದು, ಅಕ್ಟೋಬರಿನಲ್ಲಿ ಪೆರುಸೋಮುಲ ಹತ್ತಿರದ ಗುಡ್ಡದಲ್ಲಿ ಆತ ಸೆರೆಸಿಕ್ಕ. ಸುಮಾರು ಸಾವಿರ ಜನರ ಮೇಲೆ ವಾರಂಟು ಹೊರಟಿತು. 112 ಜನಕ್ಕೆ ಶಿಕ್ಷೆಯಾಯಿತು. 1847ರ ಫೆಬ್ರವರಿ 22ರಂದು ಕೋಯಿಲಕುಂಟ್ಲದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ಕಣ್ಣೆದುರು ರೆಡ್ಡಿಯನ್ನು ಗಲ್ಲಿಗೇರಿಸಿದರು. 1857ರ ದಂಗೆಗೆ ಇನ್ನೂ ಹತ್ತು ವರ್ಷವಿತ್ತು.

ಕಂಪನಿಯ ಸಿಟ್ಟು ಅಲ್ಲಿಗೂ ಇಳಿಯಲಿಲ್ಲ. ಆತನ ತಲೆಯನ್ನು ಕೋಟೆಯ ಗೋಡೆಗೆ ತೂಗುಹಾಕಿದರು. 1877ರವರೆಗೂ ಅದು ಅಲ್ಲೇ ಇತ್ತು. ಧಾತು ಸಂವತ್ಸರದ ಬರಗಾಲದಲ್ಲಿ ಅನ್ನ ಅರಸಿ ಹೊರಟ ಜನರಿಗೂ ಆ ತಲೆ ಕಂಡಿರಬೇಕು.

2019ರಲ್ಲಿ ಆತನ ಮೇಲೆ ಸಿನಿಮಾ ಬಂತು. 2021ರಲ್ಲಿ ಓರ್ವಕಲ್ಲಿನ ವಿಮಾನ ನಿಲ್ದಾಣಕ್ಕೆ ಆತನ ಹೆಸರಿಟ್ಟರು. ಸಂತೋಷ. ಆದರೆ ಶಿಕ್ಷೆ ಉಂಡ ಆ 112 ಜನರ ಹೆಸರು ಎಷ್ಟು ಜನಕ್ಕೆ ಗೊತ್ತು? ರೆಡ್ಡಿಯನ್ನು ಪಾಳೆಗಾರನಿಂದ ನಾಯಕನನ್ನಾಗಿ ಮಾಡಿದವರು ಅವರು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ನೆನೆಯುವ ಕನ್ನಡಿಗರು ಈ ರೆಡ್ಡಿಯನ್ನೂ, ಆ ಕಟ್ಟುಬಡಿಗಳನ್ನೂ ನಮ್ಮವರೆಂದೇ ನೆನೆಯಬೇಕು ಅಂತ ನನ್ನ ಆಸೆ.