ಉಳವಿಯ ಧೂಳು, ಬರ್ಲಿನ್ನಿನ ಬಣ್ಣ

ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಹೋಗಿದ್ವಿ. ಚಕ್ಕಡಿಗಳ ಸಾಲು, ಕಾಡು ದಾರಿಯ ಕೆಂಪು ಧೂಳು. ಸ್ವಲ್ಪ ಹೊತ್ತಲ್ಲೇ ನಮ್ಮ ಗೆಳೆಯನಿಗೆ ಸೀನು ಶುರು, ಆಮೇಲೆ ಎದೆಯಲ್ಲಿ ಸುಯ್ ಸುಯ್ ಸದ್ದು. ಎಲ್ಲರೂ ಗಾಬರಿ. ಅವನ ಬ್ಯಾಗಲ್ಲೇ ಇನ್‌ಹೇಲರ್, ಸೆಟ್ರಿಜಿನ್ ಇದ್ದದ್ದಕ್ಕೆ ಬಚಾವ್. ಅದೇ ಧೂಳು ನಾವೂ ಕುಡಿದಿದ್ವಲ್ಲ, ನಮಗ್ಯಾಕೆ ಏನೂ ಆಗಲಿಲ್ಲ? ವಾಪಸ್ ಬಂದು ಹುಡುಕಿದಾಗ ಸಿಕ್ಕವರು ಪೌಲ್ ಎರ್ಲಿಕ್.

ಹುಟ್ಟಿದ್ದು 1854ರಲ್ಲಿ, ಈಗ ಪೋಲೆಂಡಿನಲ್ಲಿರುವ ಸ್ಟ್ರೆಲೆನ್ ಊರಲ್ಲಿ, ಯಹೂದಿ ಮನೆತನದಲ್ಲಿ. ಓದಿದ್ದು ವೈದ್ಯಕೀಯ, ಹುಚ್ಚು ಮಾತ್ರ ಬಣ್ಣಗಳದ್ದು. ಕಲ್ಲಿದ್ದಲ ಡಾಂಬರಿನಿಂದ ಆಗ ಹೊಸ ಹೊಸ ಅನಿಲಿನ್ ಬಣ್ಣಗಳು ಬರ್ತಿದ್ವು, ಅವು ಬಟ್ಟೆಗಾಗಿ ತಯಾರಾದವು. ಎರ್ಲಿಕ್ ಅವನ್ನು ಜೀವಕೋಶಕ್ಕೆ ಹಚ್ಚಿದರು. ಒಂದು ಬಣ್ಣ ಒಂದೇ ಬಗೆಯ ಕಣವನ್ನು ಹಿಡಿಯೋದು ಯಾಕೆ? ಜೀವನಪೂರ್ತಿ ಕಾಡಿದ್ದು ಇದೊಂದೇ ಪ್ರಶ್ನೆ ಅಂದರೂ ತಪ್ಪಿಲ್ಲ.

1878ರ ಪ್ರಬಂಧದಲ್ಲೇ, 24ರ ವಯಸ್ಸಿಗೆ, ಹೊಟ್ಟೆತುಂಬ ಕಣ ತುಂಬಿಕೊಂಡ ಕೋಶವೊಂದನ್ನು ವರ್ಣಿಸಿದರು. ಚೆನ್ನಾಗಿ ತಿಂದು ಕೊಬ್ಬಿದೆ ಅಂದುಕೊಂಡು ಮಾಸ್ಟ್ ಕೋಶ ಅಂತ ಹೆಸರಿಟ್ಟರು. ಅಂದಾಜು ತಪ್ಪು! ಅದು ಊಟವಲ್ಲ, ಮದ್ದುಗುಂಡು. ಮರುವರ್ಷ ಇಯೋಸಿನ್ ಎಂಬ ಕೆಂಪು ಬಣ್ಣ ಕುಡಿಯುವ ಇಯೋಸಿನೋಫಿಲ್ ಸಿಕ್ಕಿತು. ಅಲರ್ಜಿಯ ಇಬ್ಬರು ಮುಖ್ಯ ಪಾತ್ರಧಾರಿಗಳನ್ನೂ ಕಂಡವರು ಅವರೇ, ಆದರೆ ಅಲರ್ಜಿ ಅನ್ನೋ ಪದ ಹುಟ್ಟಿದ್ದೇ 1906ರಲ್ಲಿ.

ಗೆಳೆಯನ ದೇಹ ಧೂಳಿನ ಯಾವುದೋ ಪ್ರೋಟೀನನ್ನು ವೈರಿ ಅಂತ ಮೊದಲೇ ಗುರುತಿಟ್ಟು, ಅದರ ವಿರುದ್ಧ ಐಜಿಇ ಪ್ರತಿಕಾಯ ಮಾಡಿಟ್ಟಿದೆ. ಅವು ಮಾಸ್ಟ್ ಕೋಶದ ಮೇಲೆ ಕಾದು ಕೂತಿರ್ತವೆ. ಆ ಪ್ರೋಟೀನು ಬಂದು ಎರಡು ಐಜಿಇಗಳನ್ನು ಜೋಡಿಸಿದರೆ ಸಾಕು, ನಿಮಿಷಗಳಲ್ಲಿ ಕಣಗಳು ಸಿಡಿದು ಹಿಸ್ಟಮಿನ್ ಹೊರಗೆ. ಸೀನು, ತುರಿಕೆ ಅದರದ್ದೇ. ಶ್ವಾಸನಾಳ ಬಿಗಿಯೋದರಲ್ಲಿ ಲ್ಯೂಕೋಟ್ರೈನ್‌ಗಳ ಪಾಲು ದೊಡ್ಡದು. ಗಂಟೆಗಳ ಮೇಲೆ ಇಂಟರ್‌ಲ್ಯೂಕಿನ್-5ರ ಕರೆಗೆ ಇಯೋಸಿನೋಫಿಲ್‌ಗಳೂ ಬರ್ತವೆ. ರಾತ್ರಿ ಮತ್ತೆ ಅವನ ಎದೆ ಬಿಗಿದದ್ದು ಬಹುಶಃ ಅದಕ್ಕೇ.

ಎರ್ಲಿಕ್‌ಗೆ ಕ್ಷಯ ತಗುಲಿತು, ಈಜಿಪ್ಟಿಗೆ ಹೋಗಿ ಗುಣವಾಗಿ ಬಂದರು. ಸಿಗಾರ್ ಮಾತ್ರ ಬಿಡಲಿಲ್ಲ. 1897ರಲ್ಲಿ ಹೊಸ ವಾದ ಮಂಡಿಸಿದರು: ಕೋಶದ ಮೇಲೆ ಬೀಗದಂಥ ಕೊಂಡಿಗಳಿವೆ, ಹೊಂದುವ ಕೀಲಿಯಷ್ಟೇ ಅಲ್ಲಿ ಕೂರುತ್ತದೆ. ಆ ಕೊಂಡಿಯೇ ಮುಂದೆ ರಿಸೆಪ್ಟರ್ ಆಯ್ತು. 1908ರಲ್ಲಿ ಮೆಚ್ನಿಕಾಫ್ ಜೊತೆ ನೊಬೆಲ್, ಆಮೇಲೆ ಸಿಫಿಲಿಸ್‌ಗೆ ಸಾಲ್ವರ್ಸಾನ್. 1915ರಲ್ಲಿ ತೀರಿಕೊಂಡರು. ನಾಜಿಗಳು ಫ್ರಾಂಕ್‌ಫರ್ಟಿನ ಬೀದಿಯಿಂದ ಅವರ ಹೆಸರು ಕಿತ್ತುಹಾಕಿದರು. ಮುಂದೆ ಅದೇ ದೇಶದ 200 ಮಾರ್ಕ್ ನೋಟಿನ ಮೇಲೆ ಅವರ ಮುಖ ಬಂತು.

ಮಾಸ್ಟ್ ಕೋಶದಲ್ಲಿ ಹಿಸ್ಟಮಿನ್ ಇದೆ ಅಂತ ಖಾತ್ರಿಯಾಗಿದ್ದು 1953ರಲ್ಲಿ. ಸೆಟ್ರಿಜಿನ್ ಮಾಡೋದಿಷ್ಟೇ: ಹಿಸ್ಟಮಿನ್ ಕೂರಬೇಕಾದ ಎಚ್-1 ರಿಸೆಪ್ಟರಿನ ಮೇಲೆ ತಾನು ಹೋಗಿ ಕೂರುತ್ತೆ. ಗೆಳೆಯ ಮುಂದಿನ ಜಾತ್ರೆಗೂ ಬರ್ತಾನಂತೆ, ಮಾಸ್ಕ್ ಹಾಕ್ಕೊಂಡು.