ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂದು ಪ್ರಶ್ನೆ. ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆಯಲ್ಲಿ ಪ್ರತಿ ವರ್ಷ ತಪ್ಪದೆ ಬರುತ್ತಿದ್ದ, ನಮ್ಮಂಥವರನ್ನು ದಡ ಸೇರಿಸುತ್ತಿದ್ದ ಪ್ರಶ್ನೆ ಅದು: ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಹೃದಯವೋ, ಕಣ್ಣೋ, ಮೆದುಳೋ ಯಾವುದಾದರೊಂದು ಬಂದೇ ಬರುತ್ತಿತ್ತು.

ನಮ್ಮ ಹಲವಾಗಲಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ದಿನ ಕುರಿಯ ಹೃದಯವನ್ನು ಎಲೆಯಲ್ಲಿ ಸುತ್ತಿ ತಂದರು. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬ್ಲೇಡಿನಿಂದ ಎರಡು ಹೋಳು ಮಾಡಿ, ಒಬ್ಬೊಬ್ಬರನ್ನೇ ಕರೆದು ಮುಟ್ಟಿಸಿದರು. ಎಡಗಡೆಯ ಗೋಡೆ ಬಲಗಡೆಯದಕ್ಕಿಂತ ದಪ್ಪ ಎಂಬುದನ್ನು ನಾನು ಓದಿ ಕಲಿಯಲಿಲ್ಲ, ಬೆರಳಿನಿಂದ ಕಲಿತೆ. ಆಮೇಲೆ ಅವರು ಕಪ್ಪು ಹಲಗೆಯ ಮೇಲೆ ಅದೇ ಹೃದಯವನ್ನು ಬರೆದು, ಪ್ರತಿ ಭಾಗಕ್ಕೂ ಗೆರೆ ಎಳೆದು ಹೆಸರು ಬರೆಸಿದರು. ಹೆಸರಿಲ್ಲದ ಚಿತ್ರಕ್ಕೆ ಅವರು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ನನಗೆ ಸಿಕ್ಕಿದ ಕೆಲಸವೂ ಅದೇ ಎಂದರೆ ನೀವು ನಗಬಹುದು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಚಿತ್ರಗಳಲ್ಲಿ ಯಕೃತ್ತು ಯಾವುದು, ಮೂತ್ರಪಿಂಡ ಯಾವುದು ಎಂದು ಗಡಿ ಎಳೆದು ಗುರುತಿಸುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನಾನಿದ್ದೇನೆ. ನಮ್ಮ ಕಚೇರಿಯ ಕಪಾಟಿನಲ್ಲಿ ಗ್ರೇಸ್ ಅನಾಟಮಿ ಎಂಬ ದಪ್ಪ ಪುಸ್ತಕವಿದೆ. ವೈದ್ಯಕೀಯ ಓದುವವರಿಗೆಲ್ಲ ಗೊತ್ತಿರುವ ಹೆಸರು ಅದು. ಅದನ್ನು ಬರೆದ ಹೆನ್ರಿ ಗ್ರೇ ಹೆಸರು ಎಲ್ಲರ ಬಾಯಲ್ಲಿದೆ. ಅದರ ಚಿತ್ರಗಳನ್ನು ಬರೆದವರು ಇನ್ನೊಬ್ಬರು. ಆ ಇನ್ನೊಬ್ಬರ ಬದುಕು ನಮ್ಮ ನಾಡಿಗೂ, ನನ್ನ ಮನೆಗೂ ಎಷ್ಟು ಹತ್ತಿರದ್ದು ಎಂದು ತಿಳಿದ ಮೇಲೆ ಈ ಲೇಖನ ಬರೆಯದೆ ಇರಲು ಆಗಲಿಲ್ಲ.

ಅವರ ಹೆಸರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಹುಟ್ಟಿದ್ದು 1831ರ ಮೇ 22ರಂದು, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ತಂದೆ ಹೆನ್ರಿ ಬಾರ್ಲೋ ಕಾರ್ಟರ್ ಜಲವರ್ಣದ ಚಿತ್ರಕಾರ. ವ್ಯಾನ್ ಡೈಕ್ ಎಂಬ ಹಳೆಯ ಚಿತ್ರಕಾರನ ಹೆಸರನ್ನೇ ಮಗನಿಗೆ ಇಟ್ಟರು. ಮಗ ಬಣ್ಣದ ದಾರಿ ಹಿಡಿಯದೆ ವೈದ್ಯನಾಗಲು ಹೊರಟು, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಶಾಲೆ ಸೇರಿದರು. ಆದರೆ ತಂದೆಯಿಂದ ಬಂದ ಕೈ ಎಲ್ಲಿಗೆ ಹೋದೀತು? ಶವಪರೀಕ್ಷೆಯ ಕೋಣೆಯಲ್ಲಿ ಕಂಡದ್ದನ್ನೆಲ್ಲ ಪೆನ್ಸಿಲ್ಲಿನಲ್ಲಿ ಇಳಿಸುವುದು ಅವರಿಗೆ ಅಭ್ಯಾಸವಾಯಿತು. ಅವರು ದಿನಚರಿ ಬರೆಯುತ್ತಿದ್ದರು. ಅದರ ತುಂಬ ತನ್ನ ಮೇಲೆ ತನಗೇ ಇದ್ದ ಅನುಮಾನ, ಕೈಯಲ್ಲಿ ಕಾಸಿಲ್ಲದ ಚಿಂತೆ. ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಹೋದ ನಮ್ಮಲ್ಲಿ ಅನೇಕರಿಗೆ ಆ ಸಂಕಟದ ಪರಿಚಯವಿದೆ.

ಮನುಷ್ಯನ ದೇಹದ ಒಳಗನ್ನು ನೋಡಿ ಬರೆಯುವ ಕೆಲಸ ಅವರಿಂದ ಶುರುವಾದದ್ದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲೇ ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ದಿನ ಇಟ್ಟು, ಆಮೇಲೆ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡುವ ಕ್ರಮವಿದೆ. ಯೂರೋಪಿನಲ್ಲಿ ಲಿಯೊನಾರ್ಡೊ ಡ ವಿಂಚಿ ಶವಗಳನ್ನು ಛೇದಿಸಿ ಅದ್ಭುತ ಚಿತ್ರಗಳನ್ನು ಬರೆದರು, ಆದರೆ ಅವು ಅವರ ಕಾಲದಲ್ಲಿ ಅಚ್ಚಾಗಲಿಲ್ಲ. 1543ರಲ್ಲಿ ವೆಸಾಲಿಯಸ್ ಎಂಬ 28 ವರ್ಷದ ತರುಣ ತನ್ನ ಮಹಾಗ್ರಂಥವನ್ನು ಅಚ್ಚು ಹಾಕಿಸಿದಾಗ, ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದಿದ್ದ ಗ್ಯಾಲೆನ್ ಪಂಡಿತನ ಅನೇಕ ತಪ್ಪುಗಳು ಬಯಲಾದವು. ಭಾರತದಲ್ಲಿ 1836ರಲ್ಲಿ ಕಲ್ಕತ್ತದ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಜಾತಿಯ ಕಟ್ಟು ಮೀರಿ ಶವಕ್ಕೆ ಕತ್ತಿ ಹಚ್ಚಿದರು.

ಹೆನ್ರಿ ಗ್ರೇ ಅದೇ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕಾರ್ಟರ್ ಅವರಿಗಿಂತ ನಾಲ್ಕು ವರ್ಷ ಹಿರಿಯರು, ಚುರುಕಿನ ಮನುಷ್ಯ. ವಿದ್ಯಾರ್ಥಿಗಳಿಗೆ ಕೈಗೆಟುಕುವಂಥ ಒಂದು ಪುಸ್ತಕ ಮಾಡೋಣ ಎಂದು 1855ರ ಕೊನೆಯಲ್ಲಿ ಕಾರ್ಟರ್ ಅವರನ್ನು ಕೇಳಿದರು. ಸುಮಾರು ಒಂದೂವರೆ ವರ್ಷ ಇಬ್ಬರೂ ಜೊತೆಯಾಗಿ ಶವಗಳನ್ನು ಛೇದಿಸಿದರು. ಗ್ರೇ ಬರೆದರು, ಕಾರ್ಟರ್ ಚಿತ್ರಿಸಿದರು. ಒಟ್ಟು 363 ಚಿತ್ರಗಳು. ಅವನ್ನು ಗಟ್ಟಿ ಮರದ ಅಚ್ಚುಗಳ ಮೇಲೆ ನೇರವಾಗಿ ಬರೆಯಬೇಕಿತ್ತು. ಅದೂ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿ, ನಮ್ಮ ರಬ್ಬರ್ ಸ್ಟಾಂಪಿನ ಅಕ್ಷರಗಳು ಇರುವಂತೆ. ಅಚ್ಚಾದಾಗ ಮಾತ್ರ ಅದು ಸರಿಯಾಗಿ ಕಾಣುತ್ತದೆ.

ವೆಸಾಲಿಯಸ್‌ನ ಪುಸ್ತಕದಲ್ಲಿ ಅಸ್ಥಿಪಂಜರಗಳು ಬೆಟ್ಟಗುಡ್ಡಗಳ ಮುಂದೆ ನಿಂತು ಭಂಗಿ ಕೊಡುತ್ತವೆ. ಕಾರ್ಟರ್ ಅವರ ಚಿತ್ರಗಳಲ್ಲಿ ಬೆಟ್ಟವೂ ಇಲ್ಲ, ಭಂಗಿಯೂ ಇಲ್ಲ. ಅಂದಿನ ಬಹುತೇಕ ಪುಸ್ತಕಗಳಲ್ಲಿ ಭಾಗಗಳ ಮೇಲೆ ಅಂಕಿಗಳಿರುತ್ತಿದ್ದವು, ಹೆಸರು ತಿಳಿಯಲು ಕೆಳಗಿನ ಪಟ್ಟಿಯನ್ನು ಹುಡುಕಬೇಕಿತ್ತು. ಕಾರ್ಟರ್ ಹೆಸರನ್ನು ನರದ ಉದ್ದಕ್ಕೂ, ಎಲುಬಿನ ಮೇಲೆಯೂ ಬರೆದರು. ಕಣ್ಣು ಎಲ್ಲಿದೆಯೋ ಹೆಸರೂ ಅಲ್ಲೇ. ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಮಾಡುತ್ತಿದ್ದುದೂ ಇದನ್ನೇ.

ಪುಸ್ತಕ 1858ರಲ್ಲಿ ಹೊರಬಂತು. ಗ್ರೇ ಅವರಿಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡ್ ಗೌರವಧನ, ಕಾರ್ಟರ್ ಅವರಿಗೆ ಒಂದೇ ಸಲಕ್ಕೆ 150 ಪೌಂಡ್, ಅಲ್ಲಿಗೆ ಲೆಕ್ಕ ಚುಕ್ತಾ. ಮುಖಪುಟದ ಕರಡಿನಲ್ಲಿ ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿತ್ತು. ಕಾರ್ಟರ್ ಹೆಸರನ್ನು ಚಿಕ್ಕದು ಮಾಡಿರಿ ಎಂದು ಗ್ರೇ ಕರಡಿನ ಮೇಲೆ ತಿದ್ದಿದರು. ಪ್ರತಿಯೊಂದು ಭಾಗಕ್ಕೂ ಎದ್ದು ಕಾಣುವಂತೆ ಹೆಸರು ಬರೆದ ಮನುಷ್ಯನ ಹೆಸರೇ ಹೀಗೆ ಸಣ್ಣದಾಯಿತು. ಅಷ್ಟರಲ್ಲಿ ಕಾರ್ಟರ್ ಹಡಗು ಹತ್ತಿ ಬೊಂಬಾಯಿಗೆ ಬಂದಾಗಿತ್ತು. ಮೂರು ವರ್ಷದ ನಂತರ, 1861ರಲ್ಲಿ, ಗ್ರೇ ಸಿಡುಬಿನಿಂದ ತೀರಿಕೊಂಡರು. ವಯಸ್ಸು 34. ಪುಸ್ತಕ ಮಾತ್ರ ಇಂದಿಗೂ ಹೊಸ ಹೊಸ ಮುದ್ರಣ ಕಾಣುತ್ತಲೇ ಇದೆ.

ಬೊಂಬಾಯಿಯಲ್ಲಿ ಕಾರ್ಟರ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆಯ ಪ್ರಾಧ್ಯಾಪಕರಾದರು. ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದ ಒಂದು ವಿಚಿತ್ರ ಕಾಲುರೋಗ ಅವರ ಗಮನ ಸೆಳೆಯಿತು. ಬರಿಗಾಲಲ್ಲಿ ಹೊಲಗೆಲಸ ಮಾಡುವವರಿಗೆ ಬರುವ ರೋಗ. ಪಾದ ನಿಧಾನವಾಗಿ ಊದಿ ಗಡ್ಡೆ ಕಟ್ಟುತ್ತದೆ, ಮೇಲೆ ತೂತುಗಳು ಬೀಳುತ್ತವೆ, ಅವುಗಳಿಂದ ಕಪ್ಪಾದ ಅಥವಾ ಬಿಳಿಯಾದ ಸಣ್ಣ ಕಾಳುಗಳು ಕೀವಿನ ಜೊತೆ ಉದುರುತ್ತವೆ. ಬಹಳ ಕಾಲ ನೋವಿರುವುದಿಲ್ಲ, ಹಾಗಾಗಿ ರೋಗಿ ತಡಮಾಡುತ್ತಾನೆ. ಒಳಗೆ ಎಲುಬು ಸವೆಯುತ್ತಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಪಾದವಲ್ಮೀಕ, ಅಂದರೆ ಪಾದದ ಹುತ್ತ ಎಂಬ ಹೆಸರಿದೆ. ಮದುರೆಯ ವೈದ್ಯರು ವರದಿ ಮಾಡಿದ್ದರಿಂದ ಮದುರೆ ಕಾಲು ಎಂದೂ ಕರೆದರು.

ಈ ರೋಗದ ಬಗ್ಗೆ 1846ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಗಾಡ್‌ಫ್ರೆ ಎಂಬ ವೈದ್ಯ ಇದ್ದದ್ದು ಬಳ್ಳಾರಿಯಲ್ಲಿ! ಆಗ ನಮ್ಮ ಹರಪನಹಳ್ಳಿ ಸೀಮೆ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಲೋಕದ ವೈದ್ಯಪತ್ರಿಕೆಗೆ ಈ ರೋಗದ ಸುದ್ದಿ ಮುಟ್ಟಿಸಿದ ಕಾಲುಗಳು ನಮ್ಮ ಎರೆಹೊಲಗಳ ಕಡೆಯವೇ ಎಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ನನ್ನ ಅಜ್ಜನಿಗೆ ಆ ಕಾಲಿತ್ತು. ನಾನು ಎಂಟನೇ ತರಗತಿಯಲ್ಲಿದ್ದಾಗ ಅವರು ಕಟ್ಟೆಯ ಮೇಲೆ ಕೂತರೆ ಬಲಗಾಲಿಗೆ ಟವೆಲ್ ಹೊದಿಸಿಕೊಳ್ಳುತ್ತಿದ್ದರು. ಹುತ್ತ ಅಗೆದ ಪಾಪ, ನಾಗಪ್ಪನ ಮುನಿಸು ಎಂದು ಜನ ಹೇಳಿದರು, ಅಜ್ಜ ನಂಬಿದರು. ಹರಕೆ ಹೊತ್ತರು, ಹುತ್ತಕ್ಕೆ ಹಾಲೆರೆದರು, ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ಕೊನೆಗೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಆಮೇಲೆ ಆರು ವರ್ಷ ಕೋಲಿನ ಮೇಲೆ ಬದುಕಿದರು. ಪಾಪದ ಭಾರ ಇಳಿಯದೆಯೇ ಹೋದರು.

ಕಾರ್ಟರ್ ಮಾಡಿದ್ದು ಇಷ್ಟು. ಹೀಗೆ ಕತ್ತರಿಸಿ ತೆಗೆದ ಕಾಲುಗಳನ್ನು ಎಸೆಯಲು ಬಿಡದೆ, ಅವನ್ನು ಉದ್ದಕ್ಕೆ ಸೀಳಿ, ಒಳಗಿನ ತೂತುಗಳ ದಾರಿಯನ್ನೂ ಕಾಳುಗಳ ಗೂಡನ್ನೂ ಬಣ್ಣದಲ್ಲಿ ಚಿತ್ರಿಸಿದರು. ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇದು ಬೂಷ್ಟಿನಂಥ ಶಿಲೀಂಧ್ರದಿಂದ ಬರುವ ರೋಗ ಎಂದು 1860ರ ಸುಮಾರಿಗೆ ಹೇಳಿದವರು ಅವರೇ. ಮೈಸಿಟೋಮ ಎಂದು ಹೆಸರಿಟ್ಟವರೂ ಅವರೇ. 1874ರಲ್ಲಿ ಆ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು. ಕೆಲವು ಬಗೆಯದು ಬ್ಯಾಕ್ಟೀರಿಯಾದಿಂದಲೂ ಬರುತ್ತದೆ ಎಂದು ಮುಂದೆ ತಿಳಿಯಿತು. ಮಣ್ಣಿನಲ್ಲಿರುವ ಆ ಜೀವಿ ಮುಳ್ಳು ಚುಚ್ಚಿದ ಗಾಯದಿಂದ ಒಳಗೆ ಹೋಗುತ್ತದೆ. ಒಂದು ಮುಳ್ಳು, ಅಷ್ಟೇ. ಪಾಪವೂ ಅಲ್ಲ, ಶಾಪವೂ ಅಲ್ಲ.

ಹೋದ ವರ್ಷ ಊರಿಗೆ ಬಂದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಆಸ್ಪತ್ರೆಯ ಚೀಟಿ ಹುಡುಕಿದೆ. ಅದರಲ್ಲಿ ಇಂಗ್ಲಿಷಿನಲ್ಲಿ ಮೈಸಿಟೋಮ ಎಂದು ಬರೆದಿತ್ತು. ಇಪ್ಪತ್ತು ವರ್ಷ ಆ ಪದ ನಮ್ಮ ಮನೆಯಲ್ಲೇ ಇತ್ತು. ಅದರ ಅರ್ಥವನ್ನು ನಮ್ಮ ಮನೆಯವರಿಗೆ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ನಾನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಕಾರ್ಟರ್ 1863ರಿಂದ ಸುಮಾರು ಒಂಬತ್ತು ವರ್ಷ ಸಾತಾರಾದಲ್ಲಿ ಸಿವಿಲ್ ಸರ್ಜನ್ ಆಗಿದ್ದರು. ಕುಷ್ಠರೋಗ ತಿಳಿಯಲು ನಾರ್ವೆ ದೇಶದವರೆಗೂ ಹೋಗಿಬಂದರು. ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುವ 1876-78ರ ಮಹಾಕ್ಷಾಮದಲ್ಲಿ ಹಸಿದ ಜನ ಬೊಂಬಾಯಿಗೆ ಗುಳೆ ಹೋದಾಗ ಜ್ವರವೂ ಹಬ್ಬಿತು. 1877ರಲ್ಲಿ ಆ ರೋಗಿಗಳ ರಕ್ತದಲ್ಲಿ ಸುರುಳಿಯಾಕಾರದ ರೋಗಾಣುವನ್ನು ಕಾರ್ಟರ್ ಕಂಡರು. ಗ್ರಾಂಟ್ ಕಾಲೇಜಿನ ಪ್ರಾಂಶುಪಾಲರೂ ಆಗಿ, ಮೂವತ್ತು ವರ್ಷ ಇಲ್ಲಿ ದುಡಿದು 1888ರಲ್ಲಿ ನಿವೃತ್ತರಾದರು. 1897ರ ಮೇ 4ರಂದು ಸ್ಕಾರ್ಬರೋ ಊರಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು.

ಇನ್ನೊಂದು ಮಾತು ಹೇಳದಿದ್ದರೆ ಲೇಖನ ಅರ್ಧವಾಗುತ್ತದೆ. ಕಾರ್ಟರ್ ಹೆಸರು ಸಣ್ಣ ಅಕ್ಷರದಲ್ಲಾದರೂ ಅಚ್ಚಾಯಿತು. ಆ 363 ಚಿತ್ರಗಳಿಗೆ ದೇಹ ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. 1832ರ ಕಾಯಿದೆಯಂತೆ, ಕೇಳುವವರಿಲ್ಲದೆ ಬಡವರ ಆಶ್ರಯಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತವರ ಶವಗಳು ಛೇದನದ ಮೇಜಿಗೆ ಹೋಗುತ್ತಿದ್ದವು. ಅವರನ್ನು ಕೇಳಿದವರಿಲ್ಲ. ಬೊಂಬಾಯಿಯಲ್ಲಿ ಕಾಲು ಕಳೆದುಕೊಂಡ ರೈತರದೂ ಅದೇ ಕಥೆ. ಇಂದು ನಮ್ಮಲ್ಲಿ ತಾವಾಗಿಯೇ ದೇಹದಾನ ಮಾಡುವವರಿದ್ದಾರೆ. ಬೈಲಹೊಂಗಲದ ಹಿರಿಯ ವೈದ್ಯರೊಬ್ಬರು ಹಾಗೆ ಬರೆದಿಟ್ಟು ಹೋದರು, 2010ರಲ್ಲಿ ಅವರ ದೇಹವನ್ನು ಅವರ ಮಗನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ಕೇಳದೆ ತೆಗೆದುಕೊಂಡದ್ದಕ್ಕೂ ಕೇಳದೆಯೇ ಕೊಟ್ಟದ್ದಕ್ಕೂ ಎಷ್ಟು ಅಂತರ!

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದು ವಿನಂತಿ. ಹೊಲಕ್ಕೆ ಹೋಗುವ ಅಪ್ಪ ಅಮ್ಮನ ಕಾಲಿಗೆ ಚಪ್ಪಲಿ ಹಾಕಿಸಿರಿ. ನೋವಿಲ್ಲದ ಗಂಟು ಪಾದದಲ್ಲಿ ಕಂಡರೆ ಮುಚ್ಚಿಡಲು ಬಿಡಬೇಡಿರಿ, ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಈಗ ಔಷಧಿಗಳಿವೆ, ಬೇಗ ಹೋದರೆ ಕಾಲು ಉಳಿಯುತ್ತದೆ. ವೈದ್ಯರು ಚೀಟಿಯಲ್ಲಿ ಬರೆದ ಹೆಸರನ್ನು ಓದಿ, ಅರ್ಥ ತಿಳಿದು, ಮನೆಯವರಿಗೆ ಕನ್ನಡದಲ್ಲಿ ಹೇಳಿರಿ.

ಅಂದು ಬ್ಲೇಡಿನಿಂದ ಹೃದಯ ಸೀಳಿ ತೋರಿಸಿದ ನಮ್ಮ ಮೇಷ್ಟ್ರಿಗೂ, ನನ್ನ ಕೈಹಿಡಿದು ಬರೆಸಿದ ಎಲ್ಲ ಗುರುಗಳಿಗೂ ನಮಸ್ಕಾರ. ಭಾಗಗಳನ್ನು ಗುರುತಿಸದಿದ್ದರೆ ಅಂಕವಿಲ್ಲ ಎಂದು ನೀವು ಹೇಳುತ್ತಿದ್ದುದು ಏಕೆಂದು ಈಗ ತಿಳಿಯಿತು ಸರ್.