ಮ್ಯೂನಿಕ್ಕಿನ ವಿದ್ಯಾರ್ಥಿನಿ

ಇತಿಹಾಸದ ಉಪಾಧ್ಯಾಯನಾಗಿದ್ದಷ್ಟು ಕಾಲವೂ ನಾನು ಎರಡನೆಯ ಮಹಾಯುದ್ಧವನ್ನು ಸೇನಾಪತಿಗಳ ಕಥೆಯಾಗಿಯೇ ಹೇಳಿಕೊಂಡು ಬಂದೆ. ಭೂಪಟದ ಮೇಲೆ ಬೆತ್ತವನ್ನಾಡಿಸುತ್ತ, ಯಾವ ಸೈನ್ಯ ಯಾವ ನದಿಯನ್ನು ದಾಟಿತೆಂದು ವಿವರಿಸುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಜರ್ಮನಿಯಲ್ಲಿ ಆಗ ವಿದ್ಯಾರ್ಥಿಗಳಿರಲಿಲ್ಲವೇ, ಅವರೇನು ಮಾಡುತ್ತಿದ್ದರು ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಮುಂದಿನ ವಾರ ಹೇಳುವೆನೆಂದು ಜಾರಿಕೊಂಡೆ. ಆ ಮುಂದಿನ ವಾರ ಬರಲೇ ಇಲ್ಲ. ಹುಡುಗಿ ಪರೀಕ್ಷೆ ಮುಗಿಸಿ ಹೊರಟುಹೋದಳು. ಸೋಫಿ ಶೋಲಳ ಜೀವನವನ್ನು ನಾನು ಅಭ್ಯಾಸ ಮಾಡಿದ್ದು ಬಹುಮಟ್ಟಿಗೆ ಆ ಸಾಲವನ್ನು ತೀರಿಸುವುದಕ್ಕಾಗಿ.

ಸೋಫಿ ಹುಟ್ಟಿದ್ದು 1921ರ ಮೇ 9ರಂದು, ದಕ್ಷಿಣ ಜರ್ಮನಿಯ ಫೋರ್ಷ್ಟೆನ್‌ಬೆರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ರಾಬರ್ಟ್ ಶೋಲ್ ಆ ಊರಿನ ಪುರಾಧ್ಯಕ್ಷ, ಸ್ವತಂತ್ರಬುದ್ಧಿಯ ಮನುಷ್ಯ. 1932ರಲ್ಲಿ ಸಂಸಾರ ಉಲ್ಮ್ ಪಟ್ಟಣದಲ್ಲಿ ನೆಲೆಸಿತು. ಮರುವರ್ಷವೇ ಹಿಟ್ಲರನು ಅಧಿಕಾರಕ್ಕೆ ಬಂದ. ತಂದೆಗೆ ಅವನನ್ನು ಕಂಡರಾಗದು. ಮಕ್ಕಳಾದರೋ ಧ್ವಜ, ಮೆರವಣಿಗೆ, ಕಾಡಿನ ನಡುವಣ ಬಿಡಾರಗಳಿಗೆ ಮನಸೋತು, ತಂದೆಯ ಮಾತನ್ನು ಮೀರಿ ನಾಜಿ ಬಾಲಸಂಘಗಳನ್ನು ಸೇರಿದರು. ಸೋಫಿಯೂ ಸೇರಿದಳು; ಉತ್ಸಾಹದಿಂದಲೇ ಸೇರಿದಳು, ಚಿಕ್ಕ ಹುಡುಗಿಯರ ಗುಂಪಿಗೆ ನಾಯಕಿಯೂ ಆದಳು. ಆಕೆಯನ್ನು ಕೊಂಡಾಡುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಆಕೆಯ ಬಾಳಿನಲ್ಲಿ ಇದೇ ಮುಖ್ಯವೆನಿಸುತ್ತದೆ. ಹುಟ್ಟಿನಿಂದಲೇ ಸತ್ಯವನ್ನು ಕಂಡವಳಲ್ಲ ಈಕೆ. ಸುಳ್ಳನ್ನು ಪ್ರೀತಿಸಿ, ಅನಂತರ ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಿಕೊಂಡವಳು.

1937ರಲ್ಲಿ, ನಿಷೇಧಿತ ತರುಣಕೂಟವೊಂದಕ್ಕೆ ಸೇರಿದವರೆಂಬ ಆರೋಪದ ಮೇಲೆ, ಆಕೆಯ ಅಣ್ಣ ಹಾನ್ಸ್ ಮೊದಲಾದವರನ್ನು ಗುಪ್ತ ಪೋಲೀಸರು ಹಿಡಿದೊಯ್ದರು. ಮನೆಯೊಳಕ್ಕೆ ಕಾಲಿಟ್ಟ ಆ ಭಯ ಅನುಮಾನಕ್ಕೆ ದಾರಿಮಾಡಿತು. 1940ರಲ್ಲಿ ಶಾಲೆ ಮುಗಿಸಿದ ಸೋಫಿ, ಸರ್ಕಾರದ ಕಡ್ಡಾಯ ಶ್ರಮಸೇವೆಯಿಂದ ಪಾರಾಗಬಹುದೆಂಬ ಆಸೆಯಿಂದ ಶಿಶುವಿಹಾರದ ಉಪಾಧ್ಯಾಯಿನಿಯಾಗಲು ತರಬೇತಿ ಪಡೆದಳು. ಆಸೆ ಕೈಗೂಡಲಿಲ್ಲ. ಶ್ರಮಶಿಬಿರವೂ ತಪ್ಪಲಿಲ್ಲ, ಅದರ ಬೆನ್ನಿಗೇ ಬಂದ ಯುದ್ಧಸೇವೆಯೂ ತಪ್ಪಲಿಲ್ಲ.

ಆ ಚಳಿಗಾಲದ ಒಂದು ಪ್ರಸಂಗ ನನ್ನನ್ನು ಈಗಲೂ ಕಾಡುತ್ತದೆ. ರಷ್ಯದ ಹಿಮದಲ್ಲಿ ನಡುಗುತ್ತಿದ್ದ ಜರ್ಮನ್ ಸಿಪಾಯಿಗಳಿಗಾಗಿ ಮನೆಮನೆಯಿಂದಲೂ ಉಣ್ಣೆಯ ಬಟ್ಟೆಗಳನ್ನು ಕೂಡಿಸುತ್ತಿದ್ದರು. ಸೋಫಿ ಕೊಡಲೊಲ್ಲೆನೆಂದಳು. ಆಕೆಯ ಪ್ರಿಯನಾದ ಫ್ರಿಟ್ಸ್ ಹಾರ್ಟ್‌ನಾಗೆಲ್ ಸ್ವತಃ ಸೇನೆಯ ಅಧಿಕಾರಿ. ಅವನು ನೊಂದು ವಾದಿಸಿದ. ಚಳಿಗೆ ಸಾಯುವವನು ಜರ್ಮನನಾದರೇನು, ರಷ್ಯನಾದರೇನು, ಸಾವು ಒಂದೇ. ಆದರೆ ಉಣ್ಣೆ ಕೊಟ್ಟರೆ ಯುದ್ಧ ಬೆಳೆಯುತ್ತದೆ, ಈ ಯುದ್ಧವನ್ನು ಜರ್ಮನಿ ಸೋಲಲೇಬೇಕು ಎಂಬುದು ಆಕೆಯ ನಿಲುವು. ಇದು ಕಠೋರವಲ್ಲವೇ? ಕಠೋರವೇ ಸರಿ. ತಾನು ಪ್ರೀತಿಸಿದವನ ಮೈಮೇಲಿನ ಉಣ್ಣೆಯನ್ನೂ ಸೇರಿಸಿಯೇ ಆಕೆ ಲೆಕ್ಕ ಹಾಕಿದ್ದಳೆಂಬುದನ್ನು ನೆನೆದಾಗ, ಒಪ್ಪುವುದಕ್ಕೂ ನನಗೆ ಧೈರ್ಯ ಬಾರದು, ತಳ್ಳಿಹಾಕುವುದಕ್ಕೂ ಮನಸ್ಸು ಬಾರದು.

1942ರ ಮೇ ತಿಂಗಳಲ್ಲಿ, ಇಪ್ಪತ್ತೊಂದು ತುಂಬಿದ ದಿನಗಳಲ್ಲಿ, ಆಕೆ ಜೀವಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಓದಲು ಮ್ಯೂನಿಕ್ ವಿಶ್ವವಿದ್ಯಾನಿಲಯವನ್ನು ಸೇರಿದಳು. ಹಾನ್ಸ್ ಅಲ್ಲಿ ವೈದ್ಯ ವಿದ್ಯಾರ್ಥಿ. ಅವನೂ ಅವನ ಗೆಳೆಯ ಅಲೆಕ್ಸಾಂಡರ್ ಶ್ಮೋರೆಲನೂ ಆ ಬೇಸಗೆಯಲ್ಲಿ ‘ಬಿಳಿ ಗುಲಾಬಿ’ ಎಂಬ ಹೆಸರಿನಿಂದ ನಾಲ್ಕು ಕರಪತ್ರಗಳನ್ನು ಬರೆದರು. ಒಂದೊಂದಕ್ಕೂ ಸುಮಾರು ನೂರು ಪ್ರತಿ ಮಾತ್ರ. ಪೋಲೆಂಡಿನಲ್ಲಿ ಮೂರು ಲಕ್ಷ ಯಹೂದಿಗಳ ಕೊಲೆಯಾಗಿದೆಯೆಂಬುದನ್ನು ಎರಡನೆಯ ಪತ್ರ ಮುಚ್ಚುಮರೆಯಿಲ್ಲದೆ ಸಾರಿತು. ಚಳಿಗಾಲದ ಹೊತ್ತಿಗೆ ಸೋಫಿ ಆ ಕೆಲಸದಲ್ಲಿ ಮುಳುಗಿದ್ದಳು. ಗುಂಪಿನ ಹಣದ ಲೆಕ್ಕ ಅವಳದೇ. ಒಂದೇ ಕಡೆ ಹೆಚ್ಚು ಕಾಗದ, ಅಂಚೆಚೀಟಿ ಕೊಂಡರೆ ಸಂಶಯ ಬರುವುದಲ್ಲ! ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಬೇಕು. ರಾತ್ರಿಯೆಲ್ಲ ಕೈಯಂತ್ರದಲ್ಲಿ ಪ್ರತಿ ತೆಗೆಯಬೇಕು. 1943ರ ಜನವರಿಯ ಐದನೆಯ ಪತ್ರಕ್ಕೆ ಸಾವಿರಾರು ಪ್ರತಿಗಳಾದವು. ಸೋಫಿ ಅವನ್ನು ಹೊತ್ತು, ಪೋಲೀಸರು ತುಂಬಿದ ರೈಲುಗಳಲ್ಲಿ ಕುಳಿತು, ಆಗ್ಸ್‌ಬರ್ಗ್, ಸ್ಟುಟ್‌ಗಾರ್ಟ್ ಪಟ್ಟಣಗಳಿಗೆ ಹೋಗಿ ಅಂಚೆಗೆ ಹಾಕಿ ಬಂದಳು.

ಆ ತಿಂಗಳಲ್ಲೇ ನಾಜಿ ಮುಖಂಡ ಗೀಸ್ಲರನು ವಿಶ್ವವಿದ್ಯಾನಿಲಯದ ಉತ್ಸವದಲ್ಲಿ ಮಾತನಾಡುತ್ತ, ಹುಡುಗಿಯರಿಗೆ ಓದೇಕೆ, ಹಿಟ್ಲರನಿಗಾಗಿ ಮಕ್ಕಳನ್ನು ಹೆರಲಿ ಎಂಬ ಧಾಟಿಯಲ್ಲಿ ಅವಮಾನಿಸಿದ. ವಿದ್ಯಾರ್ಥಿನಿಯರು ಎದ್ದು ಹೊರನಡೆದರು. ತಡೆದವರೊಡನೆ ಹುಡುಗರು ಕೈಕೈ ಮಿಲಾಯಿಸಿದರು. ಕೆಲವೇ ವಾರಗಳಲ್ಲಿ ಸ್ಟಾಲಿನ್‌ಗ್ರಾಡಿನ ಸೋಲಿನ ಸುದ್ದಿಯೂ ಬಂತು. ಕಾಲ ಕೂಡಿಬಂದಿತೆಂದು ಗೆಳೆಯರು ನಂಬಿದರು. ಪ್ರಾಧ್ಯಾಪಕ ಕುರ್ಟ್ ಹೂಬರರು ವಿದ್ಯಾರ್ಥಿಗಳನ್ನೇ ಉದ್ದೇಶಿಸಿ ಆರನೆಯ ಪತ್ರವನ್ನು ಬರೆದುಕೊಟ್ಟರು.

ಫೆಬ್ರವರಿ 18, ಗುರುವಾರ. ಅಣ್ಣ ತಂಗಿಯರು ಪೆಟ್ಟಿಗೆಯೊಂದರಲ್ಲಿ ಪತ್ರಗಳನ್ನು ತುಂಬಿಕೊಂಡು ಬಂದು, ಪಾಠ ನಡೆಯುತ್ತಿದ್ದಾಗ ಮುಚ್ಚಿದ ಬಾಗಿಲುಗಳ ಮುಂದೆ ಇಟ್ಟರು. ಉಳಿದ ಒಂದು ಕಟ್ಟನ್ನು ಸೋಫಿ ಮೇಲಂತಸ್ತಿನ ಕಟಾಂಜನದಿಂದ ಕೆಳಗಿನ ಅಂಗಳಕ್ಕೆ ತಳ್ಳಿದಳು. ಕಟ್ಟಡದ ಜವಾನ ಯಾಕೊಬ್ ಶ್ಮಿಡ್ ಕಂಡು, ಓಡಿಬಂದು ಇಬ್ಬರನ್ನೂ ಹಿಡಿದ. ಹಾನ್ಸನ ಜೇಬಿನಲ್ಲಿ ಗೆಳೆಯ ಕ್ರಿಸ್ಟಾಫ್ ಪ್ರೊಬ್ಸ್ಟ್ ಬರೆದ ಮುಂದಿನ ಪತ್ರದ ಕರಡು ಸಿಕ್ಕಿತು. ಮೂರು ಮಕ್ಕಳ ತಂದೆಯಾದ ಪ್ರೊಬ್ಸ್ಟನೂ ಬಂದಿಯಾದ.

ಸೋಫಿ ಮೊದಲು ಎಲ್ಲವನ್ನೂ ನಿರಾಕರಿಸಿದಳು. ಎಷ್ಟು ಶಾಂತವಾಗಿ ಎಂದರೆ, ವಿಚಾರಣೆ ನಡೆಸಿದ ರಾಬರ್ಟ್ ಮೋರನು ಬಹುಮಟ್ಟಿಗೆ ನಂಬಿಯೇ ಬಿಟ್ಟಿದ್ದ. ಅಣ್ಣ ಒಪ್ಪಿಕೊಂಡನೆಂದು ತಿಳಿದ ಮೇಲೆ ತಾನೂ ಒಪ್ಪಿಕೊಂಡಳು. ಆಮೇಲೆ ಅಪರಾಧವನ್ನು ಗೆಳೆಯರ ಮೇಲಿಂದ ತನ್ನ ಮೇಲಕ್ಕೆ ಎಳೆದುಕೊಳ್ಳುವುದೇ ಅವಳ ಯತ್ನವಾಯಿತು. 22ನೆಯ ತಾರೀಖು ಸೋಮವಾರ, ಬರ್ಲಿನ್ನಿನಿಂದ ಬಂದ ನ್ಯಾಯಾಧೀಶ ಫ್ರೈಸ್ಲರ್ ಕೆಲವೇ ಗಂಟೆಗಳಲ್ಲಿ ಮೂವರಿಗೂ ಮರಣದಂಡನೆ ವಿಧಿಸಿದ. ತಂದೆತಾಯಿಗಳಿಗೆ ಸ್ಟಾಡೆಲ್‌ಹೈಮ್ ಸೆರೆಮನೆಯಲ್ಲಿ ಮಕ್ಕಳ ಮುಖವನ್ನು ಒಮ್ಮೆ ನೋಡುವಷ್ಟು ಅವಕಾಶ ಸಿಕ್ಕಿತು. ಸಂಜೆ ಐದು ಗಂಟೆಗೆ ಗಿಲೊಟಿನ್ ಯಂತ್ರ ಮೊದಲು ಸೋಫಿಯನ್ನು ಬಲಿತೆಗೆದುಕೊಂಡಿತು.

ಆ ಸಂಜೆ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ನೂರಾರು ವಿದ್ಯಾರ್ಥಿಗಳು ನೆರೆದು ಜವಾನ ಶ್ಮಿಡನಿಗೆ ಜಯಘೋಷ ಮಾಡಿದರು. ಹುಡುಗಿ ಕೇಳಿದ ಪ್ರಶ್ನೆಗೆ ಇದೂ ಉತ್ತರವೇ. ಆ ಸಭೆಯಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ಚಪ್ಪಾಳೆ ತಟ್ಟುತ್ತಿರಲಿಲ್ಲವೆಂದು ನಂಬಲು ಇಷ್ಟಪಡುತ್ತೇನೆ. ಎದ್ದು ಹೊರಗೆ ಹೋಗುತ್ತಿದ್ದೆನೆಂದು ಹೇಳುವಷ್ಟು ನನ್ನನ್ನು ನಾನು ನಂಬಲಾರೆ.

ಶ್ಮೋರೆಲ್, ಹೂಬರ್, ವಿಲ್ಲಿ ಗ್ರಾಫ್ ಇವರ ತಲೆಗಳೂ ಅದೇ ವರ್ಷ ಉರುಳಿದವು. ಆರನೆಯ ಪತ್ರದ ಪ್ರತಿಯೊಂದು ಮಾತ್ರ ಗುಟ್ಟಾಗಿ ಗಡಿ ದಾಟಿ ಇಂಗ್ಲೆಂಡನ್ನು ಮುಟ್ಟಿತು. 1943ರ ಬೇಸಗೆಯಲ್ಲಿ ಬ್ರಿಟಿಷ್ ವಿಮಾನಗಳು ಅದನ್ನೇ ಲಕ್ಷಗಟ್ಟಲೆ ಅಚ್ಚುಹಾಕಿಸಿ ಜರ್ಮನಿಯ ಮೇಲೆ ಉದುರಿಸಿದವು. ಸ್ಟಾಲಿನ್‌ಗ್ರಾಡಿನ ಹಿಮದಲ್ಲಿ ಬೆರಳುಗಳನ್ನು ಕಳೆದುಕೊಂಡ ಹಾರ್ಟ್‌ನಾಗೆಲ್ ಬದುಕಿ ಬಂದು, 1945ರಲ್ಲಿ ಸೋಫಿಯ ಅಕ್ಕ ಎಲಿಸಬೆತ್ತಳನ್ನು ವರಿಸಿದ. ಆಕೆ ನೂರು ವರ್ಷ ತುಂಬಿದ ಮರುದಿನ, 2020ರ ಫೆಬ್ರವರಿಯಲ್ಲಿ, ತೀರಿಕೊಂಡಳು. ಸೋಫಿಯ ಸಮಾಧಿ ಸೆರೆಮನೆಯ ಪಕ್ಕದ ಪೆರ್ಲಾಖ್ ರುದ್ರಭೂಮಿಯಲ್ಲಿದೆ, ಅಣ್ಣನ ಸಮಾಧಿಯ ಮಗ್ಗುಲಲ್ಲಿ.